ಖೇಡದ ಇನ್ನೂರ ಹದಿನಾಲ್ಕು

ತಾಂಡೂರಿನಿಂದ ಅಣ್ಣ ಪ್ರತಿ ವರ್ಷ ಹೊಸ ತೊಗರಿಬೇಳೆ ಕಳಿಸುತ್ತಾನೆ. ಚೀಲದ ಬಾಯಿಯ ಸುತಳಿ ಬಿಚ್ಚಿದ ಕೂಡಲೇ ತೆಳ್ಳಗಿನ ಹಳದಿ ಧೂಳು ಏಳುತ್ತದೆ. ಹಸಿಯೂ ಅಲ್ಲದ, ಹುರಿದದ್ದೂ ಅಲ್ಲದ ಒಂದು ವಾಸನೆ ಅದಕ್ಕೆ. ಹೈದರಾಬಾದಿನ ಈ ಮೂರನೇ ಮಹಡಿಯ ಅಡುಗೆಮನೆಯಲ್ಲಿ ಆ ವಾಸನೆ ಮೂಗಿಗೆ ತಾಗಿದರೆ ನನ್ನ ಕೈ ಅಲ್ಲೇ ನಿಲ್ಲುತ್ತದೆ. "ಯಾಕೆ, ಹುಳ ಬಿದ್ದಾವೇನು?" ಎಂದು ಗಂಡ ಕೇಳುತ್ತಾರೆ. ಹುಳ ಬಿದ್ದಿರುವುದಿಲ್ಲ. ನಾನು ಜಹೀರಾಬಾದಿಗೆ ಹೋಗಿರುತ್ತೇನೆ, ಅಷ್ಟೇ.

ಜಹೀರಾಬಾದಿನಲ್ಲಿ ನಾನು ಕೂತು ಕೆಲಸ ಮಾಡಿದ ಕೋಣೆ ಮೊದಲು ಬೇಳೆಯ ಗೋದಾಮಾಗಿತ್ತು. ಪಸ್ತಾಪುರದ ರಸ್ತೆಯ ಮೇಲೆ, ಒಂದು ಮಾನಸಿಕ ಆರೋಗ್ಯದ ಆಸ್ಪತ್ರೆಯ ಹಿಂದೆ. ಆಸ್ಪತ್ರೆಯವರು ಗೋದಾಮು ಬಾಡಿಗೆಗೆ ಹಿಡಿದು, ಸುಣ್ಣ ಬಳಿಸಿ, ಐದು ವರ್ಷದ ರೋಗಿಗಳ ಕಡತಗಳನ್ನು ಅಲ್ಲಿ ಪೇರಿಸಿದ್ದರು. ಸುಣ್ಣಕ್ಕೆ ವಾಸನೆ ಹೋಗಿರಲಿಲ್ಲ. ಯಾವ ಕಡತ ತೆಗೆದರೂ ಅದರ ಹಾಳೆಗಳ ನಡುವಿನಿಂದ ತೊಗರಿಯ ಪುಡಿ ಉದುರುತ್ತಿತ್ತು. ಬೇಸರ, ನಿದ್ದೆಗೇಡು, ಅಳು ಎಂದೆಲ್ಲ ಬರೆದ ಹಾಳೆಗಳು ಯಾರದೋ ಮಧ್ಯಾಹ್ನದ ಊಟದ ವಾಸನೆ ಬೀರುತ್ತಿದ್ದವು.

ನನ್ನದು ಮೆಡಿಕಲ್ ಕೋಡಿಂಗ್. ವೈದ್ಯರು ಬರೆದ ರೋಗದ ಹೆಸರಿಗೆ ಒಂದು ಅಕ್ಷರ, ಎರಡು ಮೂರು ಅಂಕಿ ಹಚ್ಚುವ ಕೆಲಸ. ಅದಕ್ಕೆ ಮೊದಲು ಆರು ವರ್ಷ ಹೈದರಾಬಾದಿನಲ್ಲಿ ಕೂತು ಅಮೆರಿಕದವರ ಮಂಡಿನೋವು, ಸಕ್ಕರೆ ಕಾಯಿಲೆಗಳಿಗೆ ಅಂಕಿ ಹಚ್ಚಿದ್ದೆ. ಅವರಲ್ಲಿ ಒಬ್ಬರನ್ನೂ ನೋಡಿದವಳಲ್ಲ. ಆ ಕಂಪನಿ ಮುಚ್ಚಿದಾಗ ಊರ ಕಡೆಯ ಈ ಕೆಲಸ ಸಿಕ್ಕಿತು, ದಸರೆಯಿಂದ ಯುಗಾದಿಯವರೆಗೆ ಮಾತ್ರ. ಎಲ್ಲ ಕಡತಗಳಿಗೂ ಸರಿಯಾದ ಕೋಡು ಬೀಳಬೇಕು, ಕೋಡು ಇಲ್ಲದ ಕಡತಕ್ಕೆ ಯುಗಾದಿಯಾಚೆ ಗುಳಿಗೆ ಬರುವುದಿಲ್ಲ ಎಂದು ಮೇಲಿನವರು ಹೇಳಿದ್ದರಂತೆ. ಖಿನ್ನತೆ ಮೊದಲ ಸಲ ಬಂದಿದ್ದರೆ ಎಫ್ ಮೂವತ್ತೆರಡು. ಹೋಗಿ ಮತ್ತೆ ಬಂದಿದ್ದರೆ ಮೂವತ್ತಮೂರು. ಅದರ ಮುಂದಿನ ಚುಕ್ಕೆಯಾಚೆಯ ಅಂಕಿ ಅದು ಸೌಮ್ಯವೋ, ಮಧ್ಯಮವೋ, ತೀವ್ರವೋ, ಇಳಿದಿದೆಯೋ ಎಂಬುದನ್ನು ಹೇಳುತ್ತದೆ.

ಈ ಕೆಲಸಕ್ಕೆ ಒಂದು ಕಟ್ಟುನಿಟ್ಟು ಉಂಟು. ಕಾಗದದಲ್ಲಿ ಬರೆದದ್ದಷ್ಟೇ ನಮ್ಮ ಪಾಲಿಗೆ ಇದೆ, ಬರೆಯದ್ದು ಇಲ್ಲ. ಊಹೆ ಮಾಡುವ ಹಾಗಿಲ್ಲ. ಸಂಶಯ ಬಂದರೆ ವೈದ್ಯರಿಗೆ ಪ್ರಶ್ನೆಯ ಚೀಟಿ ಕಳಿಸಬಹುದು, ಆದರೆ ಪ್ರಶ್ನೆಯೊಳಗೆ ಉತ್ತರ ಇಣುಕಬಾರದು. ನನಗೆ ಈ ಕಟ್ಟುನಿಟ್ಟು ಬಹಳ ಹಿಡಿಸಿತ್ತು. ಮೊದಲಿನಿಂದಲೂ ನಾನು ಪರರ ತಪ್ಪು ಹೆಕ್ಕುವ ಜಾತಿಯವಳು. ಮದುವೆಯ ಕರೆಯೋಲೆ ಬಂದರೂ ಮೊದಲು ಅದರೊಳಗಿನ ತಪ್ಪು ಹುಡುಕುತ್ತೇನೆ ಎಂದು ಅಣ್ಣ ನಗುತ್ತಾನೆ.

ಆ ಚಳಿಗಾಲ ಈಗಲೂ ನನಗೆ ಅರೆ ನಿದ್ದೆಯಲ್ಲಿ ಕಂಡ ಹಾಗೆ ಇದೆ. ಭಾನುವಾರ ತಾಂಡೂರಿನ ಮನೆಯ ನೀಲಿ ಕಲ್ಲಿನ ನೆಲ ಅಂಗಾಲಿಗೆ ಕೊರೆಯುತ್ತಿತ್ತು. ಸೋಮವಾರ ಬೆಳಗಿನ ಬಸ್ಸು ಕೊಹೀರ್ ದಾಟುವಾಗ ಮಂಜಿನೊಳಗಿಂದ ಪೇರಲ ಹಣ್ಣಿನ ಬುಟ್ಟಿಗಳು ಮೊದಲು ಕಾಣುತ್ತಿದ್ದವು, ಹೊತ್ತವರು ಆಮೇಲೆ. ಜಹೀರಾಬಾದಿನಲ್ಲಿ ಒಂಬತ್ತು ಗಂಟೆಯವರೆಗೆ ಕಬ್ಬಿನ ಟ್ರ್ಯಾಕ್ಟರುಗಳು ದೀಪ ಹಚ್ಚಿಕೊಂಡೇ ಹೋಗುತ್ತಿದ್ದವು. ನಾನು ಗೋದಾಮಿನ ಕಿಟಕಿ ತೆರೆದು, ಶಾಲು ಹೊದ್ದು, ಒಂದೊಂದೇ ಕಡತ ಬಿಚ್ಚುತ್ತಿದ್ದೆ. ಬಿಸಿಲು ಮೇಜಿನವರೆಗೆ ಬರುವಷ್ಟರಲ್ಲಿ ನನ್ನ ತಲೆಯೊಳಗೆ ಅಂಕಿಗಳು ತೇಲಾಡತೊಡಗುತ್ತಿದ್ದವು. ಬಸ್‌ಸ್ಟ್ಯಾಂಡಿನಲ್ಲಿ ಕೂತವರ ಮುಖ ನೋಡಿ ಮನಸ್ಸಿನಲ್ಲೇ ಕೋಡು ಹಚ್ಚುವ ಕೆಟ್ಟ ಚಟವೂ ಅಂಟಿತ್ತು.

ಆಸ್ಪತ್ರೆಯವರು ನಾರಾಯಣಖೇಡದಲ್ಲಿ ತಿಂಗಳಿಗೆ ಎರಡು ಗುರುವಾರ ಶಿಬಿರ ನಡೆಸುತ್ತಿದ್ದರು. ಮೊದಲ ಗುರುವಾರ ಬೀದರಿನಿಂದ ಒಬ್ಬ ಡಾಕ್ಟರು, ಮೂರನೇ ಗುರುವಾರ ಹೈದರಾಬಾದಿನಿಂದ ಇನ್ನೊಬ್ಬರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ನಡುವಿನ ಕೊಂಡಿ ಎಂದರೆ ಸಂಗೀತಾ, ಖೇಡದ ಕಡೆಯ ಹುಡುಗಿ. ಬಂದವರ ಹೆಸರು, ತೂಕ, ತ್ರಾಸು ಬರೆದುಕೊಂಡು ಒಳಗೆ ಕಳಿಸುವವಳು ಅವಳೇ. ಮರುದಿನ ಕಡತಗಳ ಗಂಟು ಹೊತ್ತು ಬಸ್ಸಿನಲ್ಲಿ ಬಂದು, ಬಾಗಿಲಲ್ಲೇ "ಜೈಭೀಮ್ ಮೇಡಂ" ಎಂದು ನನ್ನ ಮೇಜಿನ ಮೇಲೆ ಇಳಿಸುತ್ತಿದ್ದಳು. ಅವಳ ಅಕ್ಷರ ದುಂಡಗೆ. ಡಾಕ್ಟರುಗಳ ಅಕ್ಷರ ಓದಿ ಕಣ್ಣು ನೋಯಿಸಿಕೊಂಡವಳಿಗೆ ಅವಳ ಸಾಲುಗಳೇ ವಿಶ್ರಾಂತಿ.

ಖೇಡದ ಇನ್ನೂರ ಹದಿನಾಲ್ಕನೇ ಕಡತ ನನ್ನ ಕೈಗೆ ಬಂದದ್ದು ಜೋಳ ಮೊಳಕಾಲೆತ್ತರ ಬಂದಾಗ. ಹೆಸರು ಶಾಂತಮ್ಮ, ವಯಸ್ಸು ಮೂವತ್ತೈದು, ಮಕ್ಕಳಾಗದ ಆಪರೇಷನ್ ಆಗಿದೆ. ಮೂರು ವರ್ಷದ ಹಿಂದೆ ತೀವ್ರ ಖಿನ್ನತೆ, ಆಮೇಲೆ ಮೆಲ್ಲಗೆ ಸುಧಾರಣೆ. ಅಲ್ಲಿಯವರೆಗೆ ಎಲ್ಲ ನೆಟ್ಟಗಿತ್ತು. ಕಳೆದ ಮೂರು ತಿಂಗಳಿಂದ ಮಾತ್ರ ಕಡತಕ್ಕೆ ತಲೆ ಕೆಟ್ಟಿತ್ತು. ಮೊದಲ ಗುರುವಾರ 'ಚೆನ್ನಾಗಿದ್ದಾರೆ, ಗುಳಿಗೆ ಇಳಿಸಿ'. ಮೂರನೇ ಗುರುವಾರ 'ತೀವ್ರ, ಗುಳಿಗೆ ಏರಿಸಿ'. ಮತ್ತೆ ಮೊದಲ ಗುರುವಾರ ಇಳಿಸಿ, ಮತ್ತೆ ಏರಿಸಿ.

ತೂಕದ ಕಾಲಂ ಇನ್ನೂ ವಿಚಿತ್ರ. ಅರವತ್ತೊಂದು, ನಲವತ್ತೈದು, ಅರವತ್ತೊಂದು, ನಲವತ್ತನಾಲ್ಕು, ಅರವತ್ತೆರಡು, ನಲವತ್ತಮೂರು. ತೂಕಕ್ಕೆ ನಾವು ಕೋಡು ಹಚ್ಚುವುದಿಲ್ಲ, ಹಾಗಾಗಿ ನೋಡುವುದೂ ಕಮ್ಮಿ. ಆದರೆ ತಪ್ಪು ಕಂಡರೆ ಬಿಡುವವಳೇ ನಾನು? ಖೇಡದ ತೂಕದ ಮಿಷನ್ ಕೆಟ್ಟಿದೆ, ಕೂಡಲೇ ಬದಲಿಸಿ ಎಂದು ಆಫೀಸಿಗೆ ಖಾರವಾಗಿ ಬರೆದೆ. ಉಳಿದವರ ತೂಕವೆಲ್ಲ ಸರಿಯಾಗಿಯೇ ಇದೆಯಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಪಾಪ, ಅವರು ಹೊಸ ಮಿಷನ್ ತಂದು ಕಳಿಸಿದರು. ನಾನು ಬೆನ್ನು ತಟ್ಟಿಕೊಂಡೆ.

ಜೊತೆಗೆ ಇಬ್ಬರು ಡಾಕ್ಟರಿಗೂ ಪ್ರಶ್ನೆಯ ಚೀಟಿ ಕಳಿಸಿದೆ. ಒಬ್ಬರೇ ರೋಗಿಯ ಬಗ್ಗೆ ಎರಡು ಅಭಿಪ್ರಾಯಗಳಿವೆ, ಈಗಿನ ಸ್ಥಿತಿ ಯಾವುದೆಂದು ದಯವಿಟ್ಟು ಸ್ಪಷ್ಟಪಡಿಸಿ. ಉತ್ತರಗಳು ಬಂದವು, ಬಹಳ ಮರ್ಯಾದೆಯ ಉತ್ತರಗಳು. ಬೀದರಿನವರು ಬರೆದರು: ಈಕೆ ನನ್ನ ಮುಂದೆ ನಗುತ್ತ ಮಾತಾಡುತ್ತಾರೆ, ಸಹೋದ್ಯೋಗಿಗಳು ಇನ್ನೊಮ್ಮೆ ಸಾವಕಾಶವಾಗಿ ಪರೀಕ್ಷಿಸುವುದು ಒಳ್ಳೆಯದು. ಹೈದರಾಬಾದಿನವರು ಬರೆದರು: ಈಕೆ ತಲೆ ಎತ್ತುವುದಿಲ್ಲ, ಊಟ ನಿದ್ದೆ ಇಲ್ಲ, ಬದುಕು ಬೇಡ ಎನ್ನುತ್ತಾರೆ, ಸಹೋದ್ಯೋಗಿಗಳು ಅವಸರ ಮಾಡುತ್ತಿದ್ದಾರೇನೋ; ಇನ್ನೊಂದು ಸಲ ನೋಡಿ, ಅದರ ಮುಂದಿನ ಸಲ ನಾನು ಬೇರೆ, ಬಲವಾದ ಔಷಧ ಶುರು ಮಾಡುವೆ. ಇಬ್ಬರೂ ಒಬ್ಬರನ್ನೊಬ್ಬರು ದಡ್ಡರೆಂದು ಇಷ್ಟು ಸೌಜನ್ಯದಿಂದ ಅಂದುಕೊಂಡಿದ್ದನ್ನು ಓದಿ ನಾನು ಒಬ್ಬಳೇ ನಕ್ಕೆ.

ಅದರ ಮುಂದಿನ ಮೂರನೇ ಗುರುವಾರದ ಗಂಟಿನಲ್ಲಿ ಹೊಸ ಮಿಷನ್ನಿನ ತೂಕ ಬಂತು, ನಲವತ್ತೆರಡು. ನಗು ನಿಂತಿತು. "ಹೊಸಾದೂ ಕೆಟ್ಟದೇನು ಸಂಗೀತಾ?" ಎಂದು ಗದರಿದೆ.

"ಮಿಷನ್ ಛಲೋ ಅದರಿ ಮೇಡಂ," ಎಂದಳು ಅವಳು. ಗಂಟಿನ ಬಟ್ಟೆ ಮಡಚುತ್ತ, "ಎಳ್ಳಮಾಸಿಗಿ ನಮ್ಮ ಕಡಿ ಬರ್ರಿ. ಹೊಲಕ್ಕ ಹೋಗಾಮು," ಎಂದಳು. ನಾನು ಭಜ್ಜಿಯ ಆಸೆಗೆ ಹೂಂ ಎಂದೆ.

ಎಳ್ಳ ಅಮಾವಾಸ್ಯೆಗೆ ನಮ್ಮ ಸೀಮೆಯಲ್ಲಿ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಕಡಲೆ, ಅವರೆ, ಸಿಕ್ಕ ಸೊಪ್ಪನ್ನೆಲ್ಲ ಮಜ್ಜಿಗೆಯಲ್ಲಿ ಕುದಿಸಿದ ಭಜ್ಜಿ, ಸಜ್ಜೆಯ ರೊಟ್ಟಿ, ಗಡಿಗೆಯಲ್ಲಿ ಅಂಬಲಿ ಹೊತ್ತು ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ಸಂಗೀತಾ ನನ್ನನ್ನು ಕರೆದುಕೊಂಡು ಹೋದದ್ದು ಖೇಡದಾಚೆಯ ಒಂದು ಎರೆಹೊಲಕ್ಕೆ, ಅವಳ ಪರಿಚಯದ ಮನೆಯವರದು. ಬಿಳಿಜೋಳ ಆಳೆತ್ತರ ಬೆಳೆದಿತ್ತು. ಅಂಚಿನಲ್ಲಿ ಕುಸುಬಿ ಹೂಬಿಡುತ್ತಿತ್ತು. ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ, ಜೋಳದ ಸಾಲುಗಳೊಳಗಿಂದ ಮಾತುಗಳು ಬರುತ್ತಿದ್ದವು, ಮಾತಾಡಿದವರು ಕಾಣುತ್ತಿರಲಿಲ್ಲ. ನಾನು ನಡೆಯುತ್ತಿದ್ದೇನೋ ನಿದ್ದೆಯಲ್ಲಿದ್ದೇನೋ ಎನಿಸುವಂಥ ಬೆಳಗು.

"ಬರ್ರಿ ಅಕ್ಕೋರೆ, ಕೂಡ್ರಿ. ಭಜ್ಜಿ ಬಿಸಿ ಅದ," ಎಂದು ತುಂಬು ಮೈಯ ಒಬ್ಬ ಹೆಂಗಸು ಕಂಬಳಿ ಹಾಸಿದಳು. ಬಡಿಸುತ್ತಲೇ ಇದ್ದಳು, ನಗುತ್ತಲೇ ಇದ್ದಳು. "ಏನ್ರಿ, ಗುಬ್ಬಿ ತಿಂದಂಗ ತಿಂತೀರಿ? ಆಫೀಸಿನಾಗ ಕಾಗದ ತಿಂತೀರೇನು?" ಎಂದು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಒಗೆದಳು.

ಅಷ್ಟರಲ್ಲಿ ಆ ಮನೆಯ ಅತ್ತೆ ದೂರದಿಂದ, "ಏ ಶಾಂತಮ್ಮ, ಕೂಸು ಅಳ್ಲತದ ನೋಡು," ಎಂದು ಕೂಗಿದಳು.

ಹೆಂಗಸು ಎದ್ದು ಹೋದಳು. ಆ ಹೆಗಲು, ಆ ತೋಳು, ಆ ನಡಿಗೆ ನೋಡಿ ನನ್ನ ಮನಸ್ಸು ತನ್ನಷ್ಟಕ್ಕೆ ಅರವತ್ತೊಂದು ಎಂದಿತು. ಅವಳು ಅಳುವ ಕೂಸನ್ನು ಎತ್ತಿಕೊಂಡು, ಪೂಜೆಗೆ ಕಟ್ಟಿದ ಜೋಳದ ದಂಟಿನ ಕೊಂಪೆಯ ಪಕ್ಕ ಕೂತಿದ್ದ ಇನ್ನೊಬ್ಬಳ ಮಡಿಲಿಗೆ ಇಟ್ಟಳು. ಅವಳನ್ನು ನಾನು ಆವರೆಗೆ ಗಮನಿಸಿಯೇ ಇರಲಿಲ್ಲ. ಮುಂದೆ ಇಟ್ಟ ಅಂಬಲಿಯ ಬಟ್ಟಲು ತುಂಬಿದ್ದದ್ದು ತುಂಬಿದ ಹಾಗೇ ಇತ್ತು. ಕೂಸಿಗೆ ಹಾಲೂಡಿಸಲು ಕೈ ಎತ್ತಿದಾಗ ಅವಳ ಬಳೆಗಳು ಜರ್ರನೆ ಮೊಣಕೈವರೆಗೆ ಜಾರಿದವು. ನಲವತ್ತೆರಡು.

ಸಂಗೀತಾ ನನ್ನ ಮುಖವನ್ನೇ ನೋಡುತ್ತಿದ್ದಳು. "ಸುಮ್ನ ಕರ್ದಿಲ್ರಿ ಮೇಡಂ ನಿಮಗ," ಎಂದಳು ಮೆಲ್ಲಗೆ. "ಯಾರಿಗೂ ಹೇಳಂಗಿಲ್ಲಂತ ಶಾಂತಕ್ಕನ ಕೈ ಮುಟ್ಟಿ ಮಾತು ಕೊಟ್ಟೀನಿ. ಖರೇ, ತೂಕ ಮಾತ್ರ ಸುಳ್ಳು ಬರ್ಯಾಕ ಮನಸ್ಸು ಒಪ್ಪಲಿಲ್ರಿ. ನೀವಾದರೂ ನೋಡತೀರಿ ಅಂದ್ಕೊಂಡೆ. ನೀವು ಮಿಷನ್ ಬದಲ್ ಮಾಡಿದ್ರಿ."

ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಉಳಿದವರೆಲ್ಲ ಭೂಮಿತಾಯಿಗೆ ಎಡೆಯೆಂದು ಹೊಲದ ಸುತ್ತ ಚರಗ ಚೆಲ್ಲಲು ಹೋದಾಗ ನಾವು ನಾಲ್ವರೇ ಉಳಿದೆವು. ನಾನು ಯಾವ ಆಫೀಸಿನಿಂದ ಬಂದವಳೆಂದು ಸಂಗೀತಾ ಹೇಳಿದಳು. ಶಾಂತಮ್ಮನ ನಗು ಆರಿಹೋಯಿತು. ಆ ತೆಳ್ಳಗಿನವಳು ಮಹಾನಂದಾ, ಅವಳ ನೆಗೆಣ್ಣಿ. ಅಣ್ಣ ತಮ್ಮಂದಿರ ಹೆಂಡಂದಿರು ಇಬ್ಬರೂ.

"ಮೂರು ವರ್ಷದ ಹಿಂದ ನನಗ ಆಗಿತ್ತಲ್ರಿ," ಎಂದಳು ಶಾಂತಮ್ಮ. "ಗೋಡಿ ಕಡಿ ಮಾರಿ ಮಾಡಿ ಮಲಗ್ತಿದ್ದೆ. ಊರಿಗೆಲ್ಲ ಗೊತ್ತದ. ಖೇಡಕ್ಕ ಬಂದು ಬಂದು ಆರಾಮಾತು. ಈಗ ಈಕಿ, ಕೂಸು ಹುಟ್ಟಿದ ಮ್ಯಾಲ ಹಿಂಗ ಕುಂತಾಳ. ನೋಡಿದ ಗಳಿಗಿಗೇ ನನಗ ತಿಳೀತು. ಅದೇ ಗೋಡಿ, ಅದೇ ಮಾರಿ."

"ಹಂಗಿದ್ರ ಆಕಿ ಹೆಸರು ಬ್ಯಾರೆ ಬರೆಸಬೇಕಿತ್ತಲ್ರಿ?" ಎಂದೆ.

"ಹೆಂಗ ಬರೆಸಬೇಕ್ರಿ? ಒಂದ ಮನಿಯಾಗ ಇಬ್ಬರು ಸೊಸೆಂದ್ರು ತಲಿ ಡಾಕ್ಟರ್ ಹತ್ತಿರ ಹೋಗ್ಲತಾರ ಅಂದ್ರ ಮಂದಿ ಏನಂತಾರ? ಮನಿಯಾಗೇ ಏನೋ ಅದ ಅಂತಾರ. ನಾದಿನಿದು ಲಗ್ನದ ಮಾತು ನಡದದ. ನಾನು ಮೊದಲ ಗುರುವಾರ ಹೋಗಿ ಮಾರಿ ತೋರಿಸಿ ಬರ್ತೀನಿ, ಕಾಗದ ಜಿಂದಾ ಇರ್ತದ. ಮೂರನೇ ಗುರುವಾರ ಈಕಿಗಿ ಸೆರಗು ಹೊಚ್ಚಿ ಕಳಿಸ್ತೀನಿ. ಗುಳಿಗಿ ಎಲ್ಲ ಈಕಿಗೇ. ನನ್ನ ಹೆಸರು ಹೆಂಗೂ ಕೆಟ್ಟದ. ಒಂದ ಹೆಸರಿನಾಗ ಇಬ್ಬರದೂ ಮುಗೀಲಿ ಅಂದೆ. ಕಾಗದ ಮುಟ್ಟಬ್ಯಾಡ್ರಿ ಅಕ್ಕೋರೆ, ನಿಮ್ಮ ಕಾಲಿಗಿ ಬೀಳ್ತೀನಿ."

ಆ ಕ್ಷಣ ಅತ್ತುಬಿಡಬೇಕು ಎನಿಸಿತು. ಸುಮ್ಮನಿದ್ದು ಕಡತವನ್ನು ಹಾಗೇ ಕೋಡು ಹಚ್ಚಿ ಕಳಿಸಿದರೆ ಇವಳ ಮಾತು ಉಳಿಯುತ್ತಿತ್ತು. ಆದರೆ ಮೂರು ದಿನ ಬಿಟ್ಟರೆ ಮೂರನೇ ಗುರುವಾರ. ಆ ಬಲವಾದ ಔಷಧ ಹಾಲೂಡಿಸುವ ತಾಯಂದಿರಿಗೆ ಕೊಡುವ ಮೊದಲು ಡಾಕ್ಟರುಗಳು ಎರಡು ಸಲ ಯೋಚಿಸುತ್ತಾರೆ. ಈ ಕಡತ ಓದಿದ ಡಾಕ್ಟರು ಒಂದು ಸಲವೂ ಯೋಚಿಸಬೇಕಾಗಿರಲಿಲ್ಲ.

"ಕೇಳ್ರಿ ಶಾಂತಮ್ಮಾರೆ," ಎಂದೆ. "ನೀವು ಆರಾಮ್ ಅದೀರಿ ಅಂತ ಒಬ್ರು ಗುಳಿಗಿ ಇಳಸ್ತಾರ. ಈಕಿಗಿ ಆರಾಮಿಲ್ಲಂತ ಇನ್ನೊಬ್ರು ಏರಸ್ತಾರ. ಹದಿನೈದು ದಿನಕ್ಕೊಮ್ಮಿ ಹಿಂಗಾದ್ರ ಆಕಿ ಹೆಂಗ ಸುಧಾರಿಸಬೇಕು? ಬರೋ ಗುರುವಾರ ಬ್ಯಾರೆ ಗುಳಿಗಿ ಕೊಡ್ತಾರ. ನಿಮಗ ಆಪರೇಷನ್ ಆಗ್ಯದ ಅಂತ ಬರ್ದದ. ಹಾಲು ಕುಡಿಯೋ ಕೂಸು ಅದ ಅಂತ ಅವ್ರಿಗಿ ಗೊತ್ತೇ ಇಲ್ಲ."

"ಹಾಲಿನಾಗ ಹೋಗ್ತದೇನ್ರಿ ಅದು?"

"ಹೋಗ್ತದ."

ಶಾಂತಮ್ಮ ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ಸುಮ್ಮನೆ ಮುರಿಯುತ್ತ, "ನಾ ಛಲೋದಾಗ್ಲಿ ಅಂತ ಮಾಡಿದ್ನೆ," ಎಂದಳು. ಅದನ್ನೇ ಮತ್ತೊಮ್ಮೆ ಹೇಳಿದಳು.

ಆಗ ಕೊಂಪೆಯ ಕಡೆಯಿಂದ ಒಂದು ದನಿ ಬಂತು, ಬಹಳ ದಿನ ಬಳಸದೆ ಒಣಗಿದ ದನಿ. "ಅಕ್ಕಾ, ಸಾಕು." ಮಹಾನಂದಾ ಕೂಸಿನ ತಲೆಯ ಮೇಲೆ ಕೈ ಇಟ್ಟುಕೊಂಡು ನನ್ನನ್ನು ನೇರ ನೋಡಿದಳು. "ನನ್ನ ಹೆಸರು ಬರೀರಿ. ಮಹಾನಂದಾ ಅಂತ. ಮನಿಯಾಗ ನಾನೇ ಹೇಳ್ತೀನಿ."

ಅವಳು ಅಷ್ಟು ಉದ್ದ ಮಾತಾಡಿ ತಿಂಗಳುಗಳಾಗಿದ್ದವು ಎಂದು ವಾಪಸಾಗುವಾಗ ಸಂಗೀತಾ ಹೇಳಿದಳು.

ಆ ಗುರುವಾರ ನಾನೂ ಶಿಬಿರಕ್ಕೆ ಹೋದೆ. ಶಾಂತಮ್ಮ, ಮಹಾನಂದಾ ಇಬ್ಬರೂ ಡಾಕ್ಟರ ಮುಂದೆ ಅಕ್ಕಪಕ್ಕ ಕೂತರು. ಡಾಕ್ಟರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಇಬ್ಬರನ್ನೂ ನೋಡಿದರು. "ನಾಲ್ಕು ತಿಂಗಳು ಈಕೆಯನ್ನು ಶಾಂತಮ್ಮ ಅಂತ ಕರೆದೆನಲ್ಲ, ಒಂದು ಸಲವಾದರೂ ನಿಜವೇ ಅಂತ ಕೇಳಬೇಕಿತ್ತು ನಾನು," ಎಂದರು. ಅಲ್ಲಿಂದಲೇ ಬೀದರಿನವರಿಗೆ ಫೋನು ಮಾಡಿದರು. ಆ ಕಡೆಯಿಂದಲೂ ಈ ಕಡೆಯಿಂದಲೂ ಬಹಳ ಹೊತ್ತು ಕ್ಷಮೆ ಕೇಳುವುದು ನಡೆಯಿತು. ಬಲವಾದ ಔಷಧದ ಯೋಚನೆ ಕೈಬಿಟ್ಟು, ಕೂಸಿಗೆ ತೊಂದರೆ ಮಾಡದ ಗುಳಿಗೆಯನ್ನೇ ಏರಿಳಿತವಿಲ್ಲದೆ ನಡೆಸಲು ಬರೆದರು. ಹಳೆಯ ಕಡತದಲ್ಲಿ ಶಾಂತಮ್ಮ ಪೂರ್ಣ ಚೇತರಿಸಿಕೊಂಡಿದ್ದಾರೆ ಎಂದು ಬರೆದು ಸಹಿ ಹಾಕಿದರು.

ನಾನು ಅದನ್ನು ಓದಿ ಹೇಳಿದಾಗ ಶಾಂತಮ್ಮ, "ಹಂಗಂದ್ರ ಇನ್ನ ನಾ ಬರಾದು ಬ್ಯಾಡೇನ್ರಿ?" ಎಂದಳು. ದನಿಯಲ್ಲಿ ಸ್ವಲ್ಪ ಬೇಸರವೇ ಇತ್ತು.

"ಪೇಷಂಟ್ ಆಗಿ ಬ್ಯಾಡ್ರಿ."

"ಹಂಗಾದ್ರ ಸುಮ್ಕ ಬರ್ತೀನಿ," ಎಂದು ಹೊರಗಿನ ಬೆಂಚಿನ ಮೇಲೆ ಕೂಸನ್ನು ಎತ್ತಿಕೊಂಡು ಕೂತಳು. ಆಮೇಲೆ ಪ್ರತಿ ಮೂರನೇ ಗುರುವಾರವೂ ಹಾಗೇ ಬಂದು ಕೂತಳು.

ಜೋಳ ಕೊಯ್ಲಾಯಿತು. ಮಂಜು ಹೋಗಿ ಗೋದಾಮಿನ ತಗಡು ಕಾಯತೊಡಗಿತು. ಸಂಗೀತಾ ತಂದ ಗಂಟು ಬಿಚ್ಚಿದಾಗ ನಾನು ಮೊದಲು ಹುಡುಕುತ್ತಿದ್ದದ್ದು ಒಂದೇ ಕಡತದ ತೂಕದ ಕಾಲಂ. ನಲವತ್ತಮೂರು. ನಲವತ್ತೈದು. ಮನೆಯಲ್ಲಿ ಒಂದಿಷ್ಟು ಕೂಗಾಟ ಆಯಿತಂತೆ, ಮಹಾನಂದಾಳ ಗಂಡ ಎರಡು ದಿನ ಮಾತು ಬಿಟ್ಟನಂತೆ, ಆಮೇಲೆ ಅವನೇ ಬೈಕಿನಲ್ಲಿ ಕರೆತರತೊಡಗಿದ. ನಾದಿನಿಯ ಲಗ್ನ ಬೊಮ್ರಾಸಪೇಟೆಯ ಕಡೆ ಗೊತ್ತಾಯಿತು, ಯಾರೂ ಏನೂ ಕೇಳಲಿಲ್ಲ. ಯುಗಾದಿಯ ಹೊತ್ತಿಗೆ ನನ್ನ ಕೆಲಸ ಮುಗಿದು ನಾನು ಹೈದರಾಬಾದಿಗೆ ಬಂದೆ.

ಒಂದು ಮಾತು ಬಿಟ್ಟೆ. ಹೊಸ ಕಡತ ತೆರೆದ ಆ ಗುರುವಾರದ್ದು. ಸಂಗೀತಾ ಒಂದೊಂದೇ ಕಾಲಂ ಕೇಳಿ ತುಂಬುತ್ತಿದ್ದಳು. ಕೊನೆಗೆ ಒಂದು ಪ್ರಶ್ನೆ ಇರುತ್ತದೆ, ಮನೆತನದಲ್ಲಿ ಮೊದಲು ಯಾರಿಗಾದರೂ ಈ ಕಾಯಿಲೆ ಇತ್ತೇ ಎಂದು. ಅದು ರಕ್ತಸಂಬಂಧದವರಿಗೆ ಮಾತ್ರ ಎಂದು ನಾನೇ ಅವಳಿಗೆ ಹತ್ತು ಸಲ ಹೇಳಿಕೊಟ್ಟಿದ್ದೆ. ಅವಳು ರೂಢಿಯಂತೆ ಕೇಳಿದಳು. ಮಹಾನಂದಾ ಬಾಗಿಲಾಚೆಯ ಬೆಂಚಿನ ಕಡೆ ನೋಡಿದಳು.

"ಇತ್ರಿ," ಎಂದಳು. "ನಮ್ಮಕ್ಕಗ. ಆಕಿ ಆರಾಮಾದಳು."

ಸಂಗೀತಾಳ ಪೆನ್ನು ನಿಂತಿತು. ನನ್ನ ಮುಖ ನೋಡಿದಳು. ಆಮೇಲೆ ಅವಳು ತನ್ನ ದುಂಡಗಿನ ಅಕ್ಷರದಲ್ಲಿ ಬರೆದಳು.

ಶುಕ್ರವಾರ ಆ ಕಡತ ನನ್ನ ಮೇಜಿಗೆ ಬಂತು. ಇಬ್ಬರೂ ಬೇರೆ ಬೇರೆ ಊರಿನವರು, ಬೇರೆ ತಾಯಿಯ ಮಕ್ಕಳು. ನಿಯಮದ ಪ್ರಕಾರ ಆ ಸಾಲನ್ನು ಹೊಡೆದುಹಾಕಬೇಕು. ಕೈಯಲ್ಲಿ ಕೆಂಪು ಪೆನ್ನೂ ಇತ್ತು. ನಾನು ಅದರ ಮುಚ್ಚಳ ಹಾಕಿ ಪಕ್ಕಕ್ಕಿಟ್ಟು, ಮನೆತನದಲ್ಲಿ ಇತ್ತು ಎಂಬುದಕ್ಕೆ ಇರುವ ಕೋಡನ್ನು ಆ ಸಾಲಿನ ಎದುರು ಹಚ್ಚಿದೆ. ಇಷ್ಟು ವರ್ಷದಲ್ಲಿ ಗೊತ್ತಿದ್ದೂ ನಾನು ಹಚ್ಚಿದ ತಪ್ಪು ಕೋಡು ಅದೊಂದೇ.